ದೀಪ ಹಚ್ಚುವ ಹೊತ್ತಿನ ಅಯಾನುಗಳು

ಗುಂಡ್ಲುಪೇಟೆಯಲ್ಲಿ ನಮ್ಮ ಯಂತ್ರ ಕೆಲಸ ಮಾಡಲಿಲ್ಲ ಎನ್ನುವುದಕ್ಕಿಂತ, ಗುಂಡ್ಲುಪೇಟೆ ಅದಕ್ಕೆ ಕೆಲಸ ಮಾಡಲು ಬಿಡಲಿಲ್ಲ ಎನ್ನುವುದೇ ಸರಿ. ಈರುಳ್ಳಿ ಮಂಡಿಯ ಹಿಂದಿನ ಬೀದಿಯಲ್ಲಿ ಒಂದು ಮಹಡಿ ಕೋಣೆ ಹಿಡಿದಿದ್ದೆವು. ಎದುರಿಗೆ ಲಾರಿಗಳ ಬಾಡಿ ಕಟ್ಟುವ ವೆಲ್ಡಿಂಗ್ ಶೆಡ್ಡು, ಪಕ್ಕದಲ್ಲಿ ಮೊಪೆಡ್ ರಿಪೇರಿ ಅಂಗಡಿ. ಸಾವಿರ ಕಿಲೋಮೀಟರ್ ಎತ್ತರದಿಂದ ಉಪಗ್ರಹ ಕಳಿಸುವ ಸಣ್ಣ ದನಿ ವೆಲ್ಡಿಂಗ್ ಕಿಡಿಯ ಮುಂದೆ ಎಲ್ಲಿ ನಿಲ್ಲಬೇಕು? ಕಾಗದದ ಮೇಲೆ ಪೆನ್ನು ಹುಚ್ಚು ಹಿಡಿದಂತೆ ಕುಣಿಯುತ್ತಿತ್ತು. ಶೆಡ್ಡಿನವನಿಗೆ ಸಂಜೆ ಕಾಲು ಗಂಟೆ ಕೆಲಸ ನಿಲ್ಲಿಸು ಎಂದು ಕೇಳಲು ಹೋದೆ. ಅವನು ನನ್ನನ್ನು ಕರೆಂಟ್ ಆಫೀಸಿನವಳೆಂದು ತಿಳಿದು ಒಂದು ವಾರ ಶೆಡ್ಡನ್ನೇ ಮುಚ್ಚಿಕೊಂಡು ಹೋದ. ಆ ವಾರ ಮಾತ್ರ ಒಳ್ಳೆಯ ದಾಖಲೆ ಸಿಕ್ಕಿತು. ಹೀಗೆ ಒಂದು ಚಳಿಗಾಲ ಹಾಳಾಯಿತು.

ನಾನು ಆ ಯೋಜನೆಯಲ್ಲಿ ಸಂಶೋಧನಾ ಸಹಾಯಕಿ. ಜೊತೆಗಿದ್ದ ತಂತ್ರಜ್ಞರು ಗುಂಡ್ಲುಪೇಟೆಯವರೇ, ನಿವೃತ್ತಿಗೆ ಹತ್ತಿರವಾದವರು, ರೇಡಿಯೋ ರಿಪೇರಿಯಿಂದ ಮೇಲೆ ಬಂದವರು. ನಮ್ಮಿಬ್ಬರ ಮೇಲೆ ದೂರದ ಊರಿನಲ್ಲಿ ಕೂತ ಮುಖ್ಯಸ್ಥರು. ಅವರ ಜೊತೆ ಮಾತು ಏನಿದ್ದರೂ ಎಸ್‌ಟಿಡಿ ಬೂತಿನಲ್ಲಿ, ಓಡುವ ಮೀಟರಿನ ಮೇಲೆ ಒಂದು ಕಣ್ಣಿಟ್ಟುಕೊಂಡು.

ಮಾಡಬೇಕಾದ ಕೆಲಸವನ್ನು ಹೇಳುವುದು ಸುಲಭ. ಬಿಸಿಲು ಮೇಲಿನ ತೆಳು ಗಾಳಿಯನ್ನು ಒಡೆಯುತ್ತದೆ. ಒಡೆದಾಗ ಅಯಾನುಗಳೂ ಎಲೆಕ್ಟ್ರಾನುಗಳೂ ಬೇರೆಯಾಗುತ್ತವೆ. ಹಗಲು ಹೆಚ್ಚುತ್ತವೆ, ರಾತ್ರಿ ಮತ್ತೆ ಕೂಡಿಕೊಂಡು ಕಡಿಮೆಯಾಗುತ್ತವೆ; ಬೇಸಿಗೆಗೆ ಒಂದು ಲೆಕ್ಕ, ಚಳಿಗಾಲಕ್ಕೆ ಇನ್ನೊಂದು. ಉಪಗ್ರಹದ ರೇಡಿಯೋ ಅಲೆ ಅವುಗಳ ನಡುವೆ ಹಾದು ಬರುವಾಗ ಎಷ್ಟು ತಿರುಚಿಕೊಂಡಿದೆ ಎಂದು ನೋಡಿದರೆ ದಾರಿಯಲ್ಲಿ ಒಟ್ಟು ಎಷ್ಟು ಎಲೆಕ್ಟ್ರಾನುಗಳಿದ್ದವು ಎಂದು ತಿಳಿಯುತ್ತದೆ. ಕೆಳಗಿನ ಪದರದ ಪಾಲನ್ನು ನೆಲದಿಂದಲೇ ಅಳೆಯುವ ಯಂತ್ರ ಬೇರೊಂದು ಊರಿನಲ್ಲಿತ್ತು. ಒಟ್ಟಿನಿಂದ ಅದನ್ನು ಕಳೆದರೆ ಉಳಿಯುವುದು ಮೇಲಿನ ಪಾಲು. ಅಲ್ಲಿ ಎಲೆಕ್ಟ್ರಾನು ಎಷ್ಟೋ ಅಯಾನೂ ಅಷ್ಟೇ.

ನಮಗೆ ಮುಖ್ಯವಾಗಿ ಬೇಕಿದ್ದದ್ದು ಮುಸ್ಸಂಜೆ. ನಮ್ಮ ದಕ್ಷಿಣದ ಸೀಮೆಯಲ್ಲಿ ಸೂರ್ಯ ಮುಳುಗಿದ ಕೂಡಲೇ ಆಕಾಶ ತಣ್ಣಗಾಗುವುದಿಲ್ಲ. ಆ ಹೊತ್ತಿಗೆ ಇಡೀ ಪದರ ಮೇಲಕ್ಕೆ ಎತ್ತಿಕೊಳ್ಳುತ್ತದೆ, ಮೇಲಿನ ಅಯಾನುಗಳು ಇಳಿಯುವ ಬದಲು ಸ್ವಲ್ಪ ಹೊತ್ತು ಏರುತ್ತವೆ. ಚಳಿಗಾಲದಲ್ಲಿ ಎಷ್ಟು ಏರುತ್ತವೆ, ಯಾವಾಗ ಶುರುವಾಗುತ್ತದೆ ಎನ್ನುವುದೇ ನಮ್ಮ ಪ್ರಶ್ನೆ. ತೊಡಕು ಇದ್ದದ್ದು ಉಪಗ್ರಹದಲ್ಲಿ. ಅದು ನಕ್ಷತ್ರದ ಹಾಗೆ ದಿನದಿನಕ್ಕೂ ಸ್ವಲ್ಪ ಸ್ವಲ್ಪ ಮುಂಚೆ ಬರುತ್ತದೆ. ಇವತ್ತು ಕತ್ತಲಾದ ಮೇಲೆ ಬಂದದ್ದು ಕೆಲವು ವಾರ ಕಳೆದರೆ ಸೂರ್ಯ ಮುಳುಗುವ ಹೊತ್ತಿಗೆ ಬರುತ್ತದೆ, ಆಮೇಲೆ ಮಧ್ಯಾಹ್ನಕ್ಕೆ ಜಾರುತ್ತದೆ. ಒಂದು ದಿನದ ಏರಿಳಿತ ಬೇಕಾದರೆ ತಿಂಗಳುಗಟ್ಟಲೆ ಕೂಡಿಸಬೇಕು, ಅಷ್ಟರಲ್ಲಿ ಕಾಲವೇ ಬದಲಾಗಿರುತ್ತದೆ. ಚಳಿಗಾಲದ ಮುಸ್ಸಂಜೆ ವರ್ಷಕ್ಕೆ ಒಂದೇ ಸಲ ಕೈಗೆ ಬರುತ್ತಿತ್ತು. ಮೊದಲನೆಯದನ್ನು ವೆಲ್ಡಿಂಗ್ ಶೆಡ್ಡು ತಿಂದಿತ್ತು. ಯೋಜನೆ ಮಾರ್ಚಿಗೆ ಮುಗಿಯುತ್ತಿತ್ತು, ಹಾಗಾಗಿ ಎರಡನೆಯದೇ ಕೊನೆಯದು.

ನನಗೆ ಕಾಯುವುದು ಹುಟ್ಟಿನಿಂದಲೇ ಬರದು. ಬಸ್ಸು ತಡವಾದರೆ ಮುಂದಿನ ನಿಲ್ದಾಣಕ್ಕೆ ನಡೆದುಬಿಡುವ ಜಾತಿ. ಅಂಥವಳನ್ನು ಮುಖ್ಯಸ್ಥರು ವರ್ಷಕ್ಕೊಮ್ಮೆ ಬರುವ ಸಂಜೆಗೆ ಕಾವಲು ಕೂರಿಸಿದ್ದರು.

ಸದ್ದಿಲ್ಲದ ಜಾಗ ಹುಡುಕುತ್ತ ಚಾಮರಾಜನಗರದ ಕಡೆಗೆ ಬಂದೆವು. ಹರದನಹಳ್ಳಿಯಲ್ಲಿ ನನ್ನ ಚಿಕ್ಕಮ್ಮನ ಮನೆಯಿತ್ತು. ಅವರ ಕಡೆಯ ನೆಂಟರೊಬ್ಬರು ಪುಣಜನೂರಿನ ಹತ್ತಿರ ಹೊಲದಲ್ಲೇ ಮನೆ ಮಾಡಿಕೊಂಡು ಗಂಡ ಹೆಂಡತಿ ಇಬ್ಬರೇ ಇದ್ದರು. ಮುಂದೆ ರಾಗಿ, ಒಂದು ಪಕ್ಕ ಹಿಪ್ಪುನೇರಳೆ ತೋಟ, ಹೊಲದ ಕೊನೆಗೆ ತಂತಿ ಬೇಲಿ, ಅದರಾಚೆ ಕಾಡು. ಮನೆಗೆ ಸ್ವಲ್ಪ ದೂರದಲ್ಲಿ ರೇಷ್ಮೆ ಹುಳ ಸಾಕುವ ಎರಡು ಕೋಣೆಯ ಕಟ್ಟಡ. ಒಂದು ಕೋಣೆ ಖಾಲಿ ಇತ್ತು, ಅದರಲ್ಲಿ ನಮ್ಮ ರಿಸೀವರ್, ಬ್ಯಾಟರಿಗಳು, ಎರಡು ಪೆನ್ನಿನ ಚಾರ್ಟ್ ಯಂತ್ರ. ಆಂಟೆನಾ ಹೆಂಚಿನ ಮೇಲೆ. ಪಕ್ಕದ ಕೋಣೆಯ ತಟ್ಟೆಗಳಲ್ಲಿ ಹುಳಗಳು ರಾತ್ರಿ ಹಗಲೆನ್ನದೆ ಸೊಪ್ಪು ಮೇಯುವ ಸರಸರ ಸದ್ದು ಗೋಡೆಯಾಚೆಯಿಂದ ಕೇಳುತ್ತಿತ್ತು.

ಬಂದ ವಾರದಲ್ಲೇ ಮನೆಯ ಅಕ್ಕ ಬಾಗಿಲಿಗೆ ಬಂದು ನಿಂತರು. ಗಟ್ಟಿ ಹೆಂಗಸು. ಮಾತಿಗೆ ಮುಂಚೆ ಒಂದು ಸಲ ಮೂಗುತಿ ಮುಟ್ಟಿಕೊಳ್ಳುವ ಅಭ್ಯಾಸ.

"ಅದೇನವ್ವ ನಿನ್ನ ಪೆಟ್ಗೆ ಕುಂಯ್ ಕುಂಯ್ ಅಂತದೆ? ಉಳ ಜ್ವರಕ್ಕೆ ಕುಂತವೆ. ಸದ್ದು ಮಾಡಬ್ಯಾಡಿ."

ರೇಷ್ಮೆ ಹುಳ ಪೊರೆ ಬಿಡುವ ಮುಂಚೆ ಮೇವು ಬಿಟ್ಟು ತಲೆಯೆತ್ತಿ ಅಲುಗದೆ ಕೂರುತ್ತದೆ. ಅದಕ್ಕೆ ಅಲ್ಲಿಯವರು ಜ್ವರ ಎನ್ನುತ್ತಾರೆ. ಆ ಹೊತ್ತಿನಲ್ಲಿ ಸಾಕುವ ಮನೆಯಲ್ಲಿ ಜೋರಾಗಿ ಮಾತಾಡುವುದಿಲ್ಲ, ಒಗ್ಗರಣೆಯ ಹೊಗೆ ಹಾಯಿಸುವುದಿಲ್ಲ. ನಮ್ಮ ರಿಸೀವರಿನ ಸ್ಪೀಕರು ಉಪಗ್ರಹ ಬಂದಾಗ ಸೀಟಿ ಹೊಡೆಯುತ್ತಿತ್ತು. ತಂತ್ರಜ್ಞರು ನಗುತ್ತ ಅದರ ತಂತಿ ಬಿಚ್ಚಿಟ್ಟರು. ಪೆನ್ನು ಬರೆಯುತ್ತಿರುವಾಗ ಕಿವಿಗೇನು ಕೆಲಸ ಎಂದುಕೊಂಡೆವು. ಒಂದು ಜ್ವರ ಮುಗಿದರೆ ಇನ್ನೊಂದು, ಒಂದು ಸಾಕಣೆ ಮುಗಿದರೆ ಮತ್ತೊಂದರ ಮೊಟ್ಟೆ. ಆ ತಂತಿಯನ್ನು ಮತ್ತೆ ಸಿಕ್ಕಿಸುವ ಗೊಡವೆಗೆ ಯಾರೂ ಹೋಗಲಿಲ್ಲ.

ಬೇಸಿಗೆಯ ಕೊನೆ, ಆಮೇಲೆ ಮಳೆಗಾಲವೆಲ್ಲ ಗೆರೆಗಳು ಸಪೂರವಾಗಿ, ಕೂದಲು ಎಳೆದ ಹಾಗೆ ಬಂದವು. ರಾಗಿ ತೆನೆಗೆ ಬಂದ ಮೇಲೆ ಸಂಜೆಯ ಗೆರೆಗಳು ಬದಲಾದವು. ಸೂರ್ಯ ಮುಳುಗಿ ಸ್ವಲ್ಪ ಹೊತ್ತಿಗೆ ಪೆನ್ನು ನಡುಗಲು ಶುರು, ಗೆರೆ ಕಂಬಳಿ ಹುಳದಷ್ಟು ದಪ್ಪ. ಬೇರೆ ಹೊತ್ತಿನಲ್ಲಿ ದೂರದಿಂದ ಓರೆಯಾಗಿ ಹಾಯುವ ಉಪಗ್ರಹಗಳ ಮಸುಕು ಗೆರೆಗಳೂ ಸಿಗುತ್ತಿದ್ದವು, ಲೆಕ್ಕಕ್ಕೆ ಸಾಲದಿದ್ದರೂ ನಡುಕ ಯಾವಾಗ ಎಂದು ತಿಳಿಯುವಷ್ಟು. ಮಧ್ಯಾಹ್ನ ಇಲ್ಲ, ಬೆಳಗಿನಲ್ಲಿ ಇಲ್ಲ. ದಿನ ಗಿಡ್ಡವಾಗುತ್ತ ಬಂದಂತೆ ನಡುಕವೂ ಸೂರ್ಯನ ಜೊತೆಯಲ್ಲೇ ಮುಂಚೆ ಮುಂಚೆ ಶುರುವಾಗುತ್ತಿತ್ತು. ಪುಸ್ತಕದಲ್ಲಿ ಬರೆದಂತೆಯೇ: ಮುಸ್ಸಂಜೆ ಎತ್ತಿಕೊಂಡ ಪದರ ಕದಡುತ್ತದೆ, ಅಲೆ ಮಿನುಗುತ್ತದೆ. ಪುಸ್ತಕದಲ್ಲಿ ಇದ್ದದ್ದಕ್ಕಿಂತ ನಮ್ಮದು ಎಷ್ಟೋ ಜೋರು.

ಚಾಮರಾಜನಗರದ ಬೂತಿನಿಂದ ಫೋನ್ ಮಾಡಿದೆ. ಮುಖ್ಯಸ್ಥರ ದನಿಯೇ ಬದಲಾಯಿತು.

"ಚಳಿಗಾಲದಲ್ಲಿ ಇಷ್ಟು ಕದಡು ನಾವು ಎಣಿಸಿರಲಿಲ್ಲ. ಸಮ್ಮೇಳನಕ್ಕೆ ಸಾರಾಂಶ ಕಳಿಸಿಬಿಡ್ತೀನಿ. ನಿಮ್ಮ ಹೆಸರೂ ಇರುತ್ತೆ."

ಅವತ್ತು ಬಸ್ಸಿಗೆ ಕಾಯದೆ ಊರಾಚೆಯವರೆಗೂ ನಡೆದೆ. ಖುಷಿಯಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಆ ಖುಷಿಯ ಜೊತೆಗೆ ಒಂದು ಕಿರಿಕಿರಿಯೂ ಅಂಟಿಕೊಂಡಿತ್ತು. ಆಕಾಶ ಯಾವತ್ತೂ ಇಷ್ಟು ಶಿಸ್ತಿನಿಂದ ನಡೆದುಕೊಂಡದ್ದನ್ನು ನಾನು ನೋಡಿರಲಿಲ್ಲ. ಒಂದು ದಿನ ಹೆಚ್ಚು, ಇನ್ನೊಂದು ದಿನ ಏನೂ ಇಲ್ಲ, ಇದೇ ಅದರ ಜಾಯಮಾನ. ಇಲ್ಲಿ ನೋಡಿದರೆ ದಿನವೂ ಹಾಜರಿ.

ಮೊದಲ ಗೈರುಹಾಜರಿ ಆದದ್ದು ಒಂದು ಗುರುವಾರ. ಕತ್ತಲಾದ ಮೇಲೆ ಬಂದ ಉಪಗ್ರಹದ ಗೆರೆ ಸಪೂರವಾಗಿತ್ತು, ಮಳೆಗಾಲದ ಹಾಗೆ. ತಂತ್ರಜ್ಞರು ಪೆನ್ನನ್ನು ತಟ್ಟಿ ನೋಡಿದರು, ಬ್ಯಾಟರಿ ನೋಡಿದರು, ಎಲ್ಲ ಸರಿಯಾಗಿತ್ತು. ಮರುದಿನ ಮತ್ತೆ ಕಂಬಳಿ ಹುಳ. ಭೂಮಿಯ ಕಾಂತ ಕಲಕಿದರೆ ಮೇಲಿನ ಪದರವೂ ಬದಲಾಗುತ್ತದೆ; ಫೋನಿನಲ್ಲಿ ಮುಖ್ಯಸ್ಥರು ಆ ಭೂಕಾಂತದ ದಾಖಲೆ ನೋಡಿ ಹೇಳಿದರು: ಆ ಗುರುವಾರ ಹಿಂದೆ ಮುಂದಿನ ದಿನಗಳಿಗಿಂತ ಏನೂ ಬೇರೆಯಲ್ಲ. ಹಾಗಾದರೆ ಆ ಒಂದು ಸಂಜೆ ಆಕಾಶಕ್ಕೆ ಏನಾಗಿತ್ತು? ಎರಡು ದಿನ ನನಗೆ ಊಟ ರುಚಿಸಲಿಲ್ಲ. ಅಕ್ಕ ಮುದ್ದೆ ಮುರಿಯುತ್ತ ಕೇಳಿದರು.

"ಯಾಕವ್ವ ಮಕ ಇಂಗ್ ಮಾಡ್ಕಂಡಿದ್ದೀ? ಸಾವು ಆಗಿರೋದು ನಮ್ ಕಡೆ. ನೀ ಯಾಕೆ ಉಣ್ಣಾಕಿಲ್ಲ ಅಂತೀ?"

ಹೌದು, ಸಾವಾಗಿತ್ತು. ಅವರ ದಾಯಾದಿ ಒಬ್ಬರು ಹರದನಹಳ್ಳಿಯಲ್ಲಿ ತೀರಿಕೊಂಡಿದ್ದರು. ಗಂಡ ಹೆಂಡತಿ ಇಬ್ಬರೂ ಮಣ್ಣಿಗೆ ಹೋಗಿ ತಡವಾಗಿ ಬಂದಿದ್ದರು.

"ಅದು ಯಾವತ್ತಕ್ಕ?"

"ಬೇಸ್ತವಾರ ಕಣವ್ವ. ಮನೇಲಿ ದೀಪ ಇಲ್ಲ, ಏನಿಲ್ಲ. ಬಂದು ಬೇಲಿ ಆಕೋ ವೊತ್ಗೆ ವೊತ್ತಾಗೋಗಿತ್ತು. ಸದ್ಯ, ಆನೆ ಬರ್ನಿಲ್ಲ."

ನಾನು ಕೈತೊಳೆಯದೆ ಎದ್ದು ಯಂತ್ರದ ಕೋಣೆಗೆ ಓಡಿದೆ. ಹುಳಗಳು ಆಗಲೇ ಹಣ್ಣಾಗಿ ಚಂದ್ರಿಕೆಯ ಬಿದಿರು ತಟ್ಟಿಗೆ ಏರಿ ಗೂಡು ಕಟ್ಟುತ್ತಿದ್ದವು, ಸದ್ದಿಗೆ ಬೇಡ ಎನ್ನುವವರಿರಲಿಲ್ಲ. ಸ್ಪೀಕರಿನ ತಂತಿ ಸಿಕ್ಕಿಸಿದೆ. ಟಕ್, ಟಕ್, ಟಕ್. ಗಡಿಯಾರಕ್ಕಿಂತ ಒಂದಿಷ್ಟು ನಿಧಾನ, ಒಂದೇ ಸಮ. ನಮ್ಮ ಚಾರ್ಟ್ ಕಾಗದ ನಿಧಾನವಾಗಿ ಸರಿಯುವಂಥದ್ದು; ಒಂದೊಂದು ಟಕ್ಕನ್ನೂ ಬೇರೆ ಬೇರೆಯಾಗಿ ಬರೆಯಲಾರದೆ ಎಲ್ಲವನ್ನೂ ಸೇರಿಸಿ ದಪ್ಪ ಗೆರೆ ಮಾಡಿಬಿಡುತ್ತಿತ್ತು.

ಹೊಲದ ಸುತ್ತ ಸೌರ ಬೇಲಿ ಇತ್ತು. ಆಗ ಆ ಕಡೆ ಅದು ಹೊಸದು. ಜಗುಲಿಯ ಗೋಡೆಗೆ ಒಂದು ಪೆಟ್ಟಿಗೆ, ಅದರಿಂದ ತಂತಿಗೆ ಬಿಟ್ಟು ಬಿಟ್ಟು ಏಟು. ಕೊಲ್ಲುವಂಥದ್ದಲ್ಲ, ಮುಟ್ಟಿದರೆ ಝುಮ್ ಎನ್ನಿಸಿ ಓಡಿಸುವಂಥದ್ದು. ಅಕ್ಕ ಸಂಜೆ ದೇವರಿಗೆ ದೀಪ ಹಚ್ಚಿ, ಅದೇ ಕೈಯಲ್ಲಿ ಜಗುಲಿಗೆ ಬಂದು ಬೇಲಿಯ ಸ್ವಿಚ್ಚು ಹಾಕುತ್ತಿದ್ದರು. ದೀಪ ಹಚ್ಚುವ ಹೊತ್ತು ಗಡಿಯಾರದ್ದಲ್ಲ, ಸೂರ್ಯನದ್ದು. ಅದಕ್ಕೇ ನಮ್ಮ ನಡುಕ ಸೂರ್ಯನನ್ನು ಅಷ್ಟು ಭಕ್ತಿಯಿಂದ ಹಿಂಬಾಲಿಸುತ್ತಿತ್ತು. ರಾಗಿ ತೆನೆಯಾದ ಮೇಲೆ ಮಾತ್ರ ಬೇಲಿಗೆ ಕರೆಂಟು, ಅದಕ್ಕೇ ಅದು ಚಳಿಗಾಲದ್ದು. ದಿನದ ಬದಲಾವಣೆ, ಕಾಲದ ಬದಲಾವಣೆ, ಎರಡೂ ಸಿಕ್ಕಿದ್ದವು ನಮಗೆ. ಆಕಾಶದ್ದಲ್ಲ, ಅಕ್ಕನದ್ದು.

ಬೂತಿನಲ್ಲಿ ಫೋನ್ ಹಿಡಿದು ಮುಖ್ಯಸ್ಥರಿಗೆ ಎಲ್ಲ ಹೇಳಿದೆ. ಮೀಟರು ಓಡುತ್ತಿತ್ತು.

"ಬೇಲಿ ಅಂತ ನಿಮಗೆ ಖಚಿತವೇ?"

"ಆರಿಸಿ ನೋಡಿದೆ ಸರ್. ಆರಿಸಿದರೆ ನಿಲ್ಲುತ್ತೆ, ಹಾಕಿದರೆ ಬರುತ್ತೆ. ಉಳಿದ ಹೊಲದವರ ಬೇಲಿ ದೂರ, ಅದು ಇಲ್ಲಿಗೆ ಮುಟ್ಟಲ್ಲ."

"ಸಾರಾಂಶ ಹೋಗಿಬಿಟ್ಟಿದೆಯಲ್ಲ." ಅವರು ಬೈಯಲಿಲ್ಲ, ಬೈದಿದ್ದರೆ ನನಗೇ ಹಗುರವಾಗುತ್ತಿತ್ತು. "ವಾಪಸ್ ತಗೊಳ್ತೀನಿ ಬಿಡಿ. ಉಪಗ್ರಹ ಮುಸ್ಸಂಜೆ ದಾಟೋಕೆ ಇನ್ನೂ ಸುಮಾರು ಮೂರು ವಾರ ಇದೆ. ಅಷ್ಟರಲ್ಲಿ ಶುದ್ಧವಾದ ಸಂಜೆಗಳು ಎಷ್ಟು ಸಿಗುತ್ತವೋ ಅಷ್ಟು ಕೊಡಿ. ಅದು ಬಿಟ್ಟರೆ ನಮ್ಮ ಕೈಲಿ ಏನೂ ಇಲ್ಲ."

ಯಂತ್ರವನ್ನು ಬೇರೆ ಕಡೆ ಒಯ್ಯುವ ಮಾತಿರಲಿಲ್ಲ. ಆಂಟೆನಾ ಇಳಿಸಿ, ಏರಿಸಿ, ಮತ್ತೆ ಹದಕ್ಕೆ ತರುವಷ್ಟರಲ್ಲಿ ಆ ವಾರಗಳೇ ಮುಗಿದುಹೋಗುತ್ತಿದ್ದವು. ತಂತ್ರಜ್ಞರ ಯೋಚನೆ ಬೇರೆ.

"ಪೆಟ್ಟಿಗೆ ಅಲ್ಲ ಮೇಡಂ ತೊಂದರೆ ಕೊಡೋದು. ತಂತಿಗೆ ಎಲ್ಲೋ ಗಿಡ ತಾಗಿ ಕಿಡಿ ಹಾರ್ತಾ ಇರ್ತದೆ. ಕಿಡಿ ನಿಂತ್ರೆ ಸದ್ದೂ ನಿಲ್ತದೆ."

ಮೂವರೂ ಮಚ್ಚು ಹಿಡಿದು ಬೇಲಿಯ ಉದ್ದಕ್ಕೂ ಲಾಂಟಾನ ಪೊದೆ ಸವರಿದೆವು. ತಂತಿ ಕಂಬಕ್ಕೆ ತಾಗದಂತೆ ಹಿಡಿಯುವ ಪಿಂಗಾಣಿ ಬುಡ್ಡೆಗಳಲ್ಲಿ ಒಡೆದವನ್ನು ಬದಲಿಸಿದೆವು. ಮೂರನೆಯವರು ಹೊಲದ ಅಣ್ಣ, ಅಕ್ಕನ ಗಂಡ. ಮಾತು ಕಡಿಮೆ, ಕೆಲಸದಲ್ಲಿ ಇಬ್ಬರಷ್ಟು. ನನ್ನ ಅಂಗೈ ಬೊಬ್ಬೆ ಬಂದು ಒಡೆದಿತ್ತು. ಮಧ್ಯಾಹ್ನ ಪರೀಕ್ಷೆಗೆ ಬೇಲಿ ಹಾಕಿದಾಗ ಸ್ಪೀಕರಿನಲ್ಲಿ ಒಂದು ಟಕ್ಕೂ ಇಲ್ಲ. ತಂತ್ರಜ್ಞರು ಕೈ ಮುಗಿದು ಕುಣಿದರು. ಸಂಜೆ ಇಬ್ಬನಿ ಇಳಿಯಿತು. ಬುಡ್ಡೆಗಳು ಒದ್ದೆಯಾದವು. ಟಕ್, ಟಕ್, ಟಕ್. ಮಾರ್ಗಶಿರದ ಇಬ್ಬನಿಗೆ ಮಚ್ಚು ಹಿಡಿಯಲು ಬರುತ್ತದೆಯೇ?

ಉಳಿದದ್ದು ಒಂದೇ ದಾರಿ. ಉಪಗ್ರಹ ಹಾದುಹೋಗುವ ಕಾಲು ಗಂಟೆ ಬೇಲಿ ಆರಿಸಬೇಕು. ಕೇಳಲು ನಾಲಿಗೆ ಏಳಲಿಲ್ಲ, ಆದರೂ ಕೇಳಿದೆ. ಅಣ್ಣ ಬೀಡಿ ಆರಿಸಿದರು.

"ಆಗಲ್ಲ ಕಣವ್ವ."

"ಕಾಲು ಗಂಟೆ ಅಣ್ಣ. ಅಷ್ಟರಲ್ಲಿ ಆನೆ ಎಷ್ಟು ತಿಂದೀತು?"

"ತಿನ್ನಾದಲ್ಲ ಮಾತು. ಒಂದ್ ಮೂಲೆ ತಿಂದ್ರೆ ತಿನ್ಕಂಡ್ ಓಗ್ಲಿ, ಅದ್ಕೂ ಒಟ್ಟೆ ಇಲ್ವಾ? ಆ ಸಪೂರ ತಂತಿ ಆನೇನ ತಡೀತದೆ ಅನ್ಕಂಡಿದ್ದಿಯಾ? ತಡಿಯಾದು ಭಯ. ಒಂದ್ ಕಿತ ಸೊಂಡ್ಲಲ್ಲಿ ಮುಟ್ ನೋಡಿ, ಏನೂ ಆಗ್ನಿಲ್ಲ ಅಂತ ಗೊತ್ತಾಯ್ತು ಅನ್ನು, ಮುಗೀತು. ಆಮ್ಯಾಕೆ ನೀ ಕರೆಂಟ್ ಆಕು, ಬುಡು, ಅದು ಕಂಬ ಕಿತ್ ಎಸೀತದೆ. ನಂದೊಂದೇ ಅಲ್ಲ, ಈ ಸಾಲಿನ ಎಲ್ಲಾರ ಬೇಲೀನೂ ಓಯ್ತದೆ."

ಕಣ್ಣಲ್ಲಿ ನೀರು ಬಂತು, ಅದಕ್ಕೆ ನನ್ನ ಮೇಲೇ ಸಿಟ್ಟು ಬಂತು. ಅಕ್ಕ ಒಳಗಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದರು.

"ಅದು ನಿಂಗೆ ಸಿಗ್ದಿದ್ರೆ ಏನಾಯ್ತದವ್ವ?" ಎಂದರು.

"ಎರಡು ವರ್ಷದ ಕೆಲಸ ಹೋಗುತ್ತೆ ಅಕ್ಕ. ಇದು ಈ ವರ್ಷಕ್ಕೆ ಮತ್ತೆ ಬರಲ್ಲ."

ಮೂಗುತಿ ಮುಟ್ಟಿಕೊಂಡು ಗಂಡನಿಗೆ ಹೇಳಿದರು: "ನೀನು ಅಟ್ಟಣೆ ಮ್ಯಾಲೆ ಇರು. ನಾನು ತಮಟೆ ಇಡ್ಕಂಡು ಬದೀಗೆ ಓಯ್ತೀನಿ. ಇವ್ಳು ಸ್ವಿಚ್ ತಾವ ನಿಂತ್ಕಳ್ಳಿ. ನೀನು ಆಕು ಅಂದೇಟ್ಗೆ ಆಕ್ಬೇಕು." ನನ್ನ ಕಡೆ ತಿರುಗಿದರು. "ನಿನ್ ಪೆಟ್ಗೆ ತಾವ ಅಲ್ಲ, ಇಲ್ಲೇ ನಿಂತ್ಕಬೇಕು. ಬೇರೆಯೋರ್ ಕೈಗೆ ಕೊಡಾಂಗಿಲ್ಲ. ಆಯ್ತದಾ?"

"ಆಯ್ತದೆ ಅಕ್ಕ."

ಅಣ್ಣ ಬೀಡಿಯನ್ನು ಮತ್ತೆ ಹಚ್ಚಿದರು. ಅದೇ ಒಪ್ಪಿಗೆ ಎಂದು ಅಕ್ಕ ಕಣ್ಣಲ್ಲೇ ಹೇಳಿದರು.

ಅಲ್ಲಿಂದ ಮುಂದಿನ ಸಂಜೆಗಳಲ್ಲಿ, ಉಪಗ್ರಹ ಹಾದುಹೋಗುವಾಗ ನಾನು ಯಂತ್ರದ ಬಳಿ ಇರುತ್ತಿರಲಿಲ್ಲ. ರಿಸೀವರನ್ನು ಮುಂಚಿತವಾಗಿ ಬಿಸಿ ಮಾಡಿ, ಪೆನ್ನಿಗೆ ಶಾಯಿ ತುಂಬಿ, ಗಡಿಯಾರವನ್ನು ರೇಡಿಯೋ ಸಮಯಕ್ಕೆ ಹೊಂದಿಸಿ ತಂತ್ರಜ್ಞರ ಕೈಗೆ ಒಪ್ಪಿಸಿ ಜಗುಲಿಗೆ ಓಡುತ್ತಿದ್ದೆ. ಕೋಣೆಯ ಬಾಗಿಲಿನಿಂದ ಅವರು ಟಾರ್ಚ್ ಬೀಸಿದರೆ ಬೇಲಿ ಆರಿಸುವುದು, ಮತ್ತೆ ಬೀಸಿದರೆ ಹಾಕುವುದು. ನಡುವಿನ ಹೊತ್ತೆಲ್ಲ ಸ್ವಿಚ್ಚಿನ ಮೇಲೆ ಬೆರಳಿಟ್ಟು ಕಾಡಿನ ಅಂಚನ್ನು ನೋಡುವುದು. ಅಕ್ಕ ಬದುವಿನ ಮೇಲೆ ತಮಟೆ ಬಡಿಯುತ್ತಿದ್ದರು, ಅಟ್ಟಣೆಯಿಂದ ಅಣ್ಣ ಕೂಗು ಹಾಕುತ್ತಿದ್ದರು. ಕಾಲು ಗಂಟೆ ಅಷ್ಟು ಉದ್ದ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಗಾಳಿಗೆ ಒಂದು ಪೊದೆ ಅಲುಗಿದರೂ ಬೆರಳು ತಾನೇ ಬಗ್ಗುತ್ತಿತ್ತು. ಎರಡು ಸಲ ಪೊದೆಗೇ ಹೆದರಿ ಹಾಕಿಬಿಟ್ಟೆ, ದಾಖಲೆಯ ಬಾಲ ಕತ್ತರಿಸಿಹೋಯಿತು. ತಂತ್ರಜ್ಞರು ಬೈದುಕೊಂಡರು, ನನಗೆ ಕೇಳಿಸದಷ್ಟು ಮೆಲ್ಲಗೆ.

ಆದರೂ ಗೆರೆಗಳು ಬಂದವು, ಸಪೂರವಾದ, ನಿಜವಾದ ಗೆರೆಗಳು. ಉಪಗ್ರಹ ದಿನವೂ ಸ್ವಲ್ಪ ಮುಂಚೆ ಬರುತ್ತಿದ್ದುದರಿಂದ ನಾವು ಮುಸ್ಸಂಜೆಯನ್ನು ಕೊನೆಯಿಂದ ಮೊದಲಿಗೆ ಓದುತ್ತಿದ್ದೆವು. ಮೊದಲು ಸಿಕ್ಕಿದ್ದು ಕತ್ತಲಾದ ಮೇಲಿನ ಇಳಿತ. ಆಮೇಲೆ ಅದಕ್ಕೆ ಹಿಂದಿನ ತುಂಬು ಹೊತ್ತು. ಲೆಕ್ಕ ಹಾಕಿ ನೋಡಿದರೆ ಮೇಲಿನ ಅಯಾನುಗಳು ಸೂರ್ಯ ಮುಳುಗಿದ ಮೇಲೂ ಕುಗ್ಗದೆ ತುಂಬಿಕೊಂಡಿದ್ದವು. ಇಂಥ ಒಂದೊಂದು ಬಿಂದು ಕಾಗದದ ಮೇಲೆ ಕೂತಾಗಲೂ ಲೆಕ್ಕವನ್ನು ಇನ್ನೊಂದು ಸಲ ಹಾಕಿ ನೋಡುತ್ತಿದ್ದೆ. ಉಳಿದದ್ದು ಏರಿಕೆಯ ಮೊದಲು, ಎಲ್ಲಿಂದ ಶುರು ಎನ್ನುವ ಜಾಗ. ಅದಕ್ಕೆ ಉಪಗ್ರಹ ಸರಿಯಾಗಿ ದೀಪ ಹಚ್ಚುವ ಹೊತ್ತಿಗೆ ನೆತ್ತಿಯ ಮೇಲೆ ಹಾಯಬೇಕು. ಅಂಚೆಯಲ್ಲಿ ಬಂದ ಪಟ್ಟಿಯ ಪ್ರಕಾರ ಅಂಥ ಸಂಜೆ ಇದ್ದದ್ದು ಒಂದೇ. ಹಿಂದಿನ ದಿನ ಅದು ತೀರಾ ಓರೆಯಾಗಿ ಪಶ್ಚಿಮಕ್ಕೆ ಹೋಗುತ್ತಿತ್ತು, ಮರುದಿನ ಪೂರ್ವಕ್ಕೆ. ಆಮೇಲೆ ಬಿಸಿಲಿನ ಹೊತ್ತಿಗೆ ಜಾರಿಬಿಡುತ್ತಿತ್ತು.

ಆ ದಿನ ಬೆಳಗಿನಿಂದಲೇ ನಾನು ಕೂತಲ್ಲಿ ಕೂರಲಿಲ್ಲ. ಶಾಯಿ ಎರಡು ಸಲ ಬದಲಿಸಿದೆ. ಸೂರ್ಯ ಗುಡ್ಡದ ಹಿಂದೆ ಇಳಿದ. ಅಕ್ಕ ಒಳಗೆ ದೀಪ ಹಚ್ಚಿ, ಅಭ್ಯಾಸಬಲದಿಂದ ಸ್ವಿಚ್ಚಿಗೆ ಕೈ ಚಾಚಿ, ನಾಲಿಗೆ ಕಚ್ಚಿಕೊಂಡು ತಮಟೆ ತೆಗೆದುಕೊಂಡು ಹೋದರು. ತಂತ್ರಜ್ಞರು ಟಾರ್ಚ್ ಬೀಸಿದರು. ಉಪಗ್ರಹ ಉತ್ತರದಿಂದ ಮೇಲೇಳುತ್ತಿತ್ತು. ಇನ್ನೂ ಬೆಳಕಿತ್ತು, ರಾಗಿಯ ತೆನೆ ತೆನೆಯೂ ಕಾಣುವಷ್ಟು.

ಅರ್ಧ ಹಾದಿಯಾಗಿರಬೇಕು. ತಮಟೆ ನಿಂತಿತು.

ಕಾಡಿನಂಚಿನಲ್ಲಿ ಒಂಟಿ ಗಂಡಾನೆ ನಿಂತಿತ್ತು. ಯಾವಾಗ ಬಂತೋ, ಒಂದು ಕಡ್ಡಿ ಮುರಿದ ಸದ್ದಿಲ್ಲ. ಅಷ್ಟು ಹೊತ್ತಿನ ತಮಟೆಗೂ ಕೂಗಿಗೂ ಅದು ಕಿವಿ ಕೊಟ್ಟಿರಲಿಲ್ಲ. ನಿಧಾನವಾಗಿ ನಡೆದು ಬೇಲಿಯವರೆಗೆ ಬಂದು, ತಂತಿಗೆ ಒಂದು ಮೊಳ ಬಿಟ್ಟು ನಿಂತಿತು. ಅದಕ್ಕೆ ತಂತಿಯ ಏಟು ಗೊತ್ತಿತ್ತು. ತಂತಿ ಸತ್ತಿದೆ ಎಂದು ಗೊತ್ತಿರಲಿಲ್ಲ. ನಿಲ್ಲು, ಇನ್ನು ಸ್ವಲ್ಪ ಹೊತ್ತು ಅಲ್ಲೇ ನಿಲ್ಲು ಎಂದು ಮನಸ್ಸಿನಲ್ಲೇ ಅದಕ್ಕೆ ಕೈಮುಗಿದೆ. ಅಣ್ಣನೂ 'ಆಕು' ಎಂದು ಕೂಗಲಿಲ್ಲ. ಅಟ್ಟಣೆಯ ಮೇಲೆ ಎದ್ದು ನಿಂತು ನನ್ನ ಕಡೆಗೇ ನೋಡುತ್ತಿದ್ದರು. ಅವರು ನನಗಾಗಿ ತಡೆಯುತ್ತಿದ್ದಾರೆ ಎಂದು ಅರ್ಥವಾದಾಗ ನನಗೆ ಆನೆಗಿಂತ ಹೆಚ್ಚು ಭಯವಾಯಿತು.

ಆನೆ ಸೊಂಡಿಲು ಎತ್ತಿತು. ಗಾಳಿಯಲ್ಲಿ ಮೂಸಿತು. ಒಂದು ಹೆಜ್ಜೆ ಇಟ್ಟಿತು. ಸೊಂಡಿಲಿನ ತುದಿ ತಂತಿಯ ಕಡೆಗೆ ಮೆಲ್ಲಗೆ, ಕುರುಡರು ಗೋಡೆ ತಡವುವ ಹಾಗೆ ಚಾಚಿತು.

ಯಾರೂ ಹೇಳಲಿಲ್ಲ. ನಾನೇ ಹಾಕಿದೆ.

ಆನೆ ಘೀಳಿಟ್ಟಿತು. ಗಕ್ಕನೆ ಹಿಂದಕ್ಕೆ ತಿರುಗಿ, ಪೊದೆ ಮುರಿದುಕೊಂಡು ಕಾಡಿಗೆ ನುಗ್ಗಿತು. ಅಕ್ಕ ಬದುವಿನ ಮೇಲೆ ಹಾಗೇ ಕುಸಿದು ಕೂತರು. ತಂತ್ರಜ್ಞರು ಕೋಣೆಯಿಂದ ಓಡಿ ಬಂದರು.

"ಯಾಕೆ ಹಾಕಿದ್ರಿ ಮೇಡಂ? ಈಗ ತಾನೇ ಏರೋಕೆ ಶುರುವಾಗಿತ್ತು! ಯಾಕೆ..." ಕಾಡಿನೊಳಗಿಂದ ಇನ್ನೊಂದು ಘೀಳು ಬಂತು. ಅವರು ಬಾಯಿ ಮುಚ್ಚಿ ಜಗುಲಿಯ ಕಂಬ ಹಿಡಿದುಕೊಂಡರು.

ಕೋಣೆಗೆ ಹೋಗಿ ಕಾಗದ ನೋಡಿದೆ. ಉತ್ತರದಿಂದ ನೆತ್ತಿಯವರೆಗೆ ಕೂದಲೆಳೆಯಂಥ ಗೆರೆ, ಅದರಾಚೆ ಕಂಬಳಿ ಹುಳ. ನಮಗೆ ಬೇಕಿದ್ದದ್ದು ದಕ್ಷಿಣದ ಭಾಗ, ಏರಿಕೆ ಹೆಚ್ಚು ಕಾಣುವ ಕಡೆ. ಪೆನ್ಸಿಲ್ ತೆಗೆದುಕೊಂಡು ಗೆರೆ ದಪ್ಪವಾದ ಜಾಗದಲ್ಲಿ 'ಇಲ್ಲಿಂದ ಮುಂದೆ ಬೇಲಿ' ಎಂದು ಬರೆದೆ. ಆಮೇಲೆ ಹುಳದ ಕೋಣೆಗೆ ಹೋಗಿ ಖಾಲಿ ತಟ್ಟೆಗಳ ಪಕ್ಕದಲ್ಲಿ ನೆಲದ ಮೇಲೆ ಕೂತು ಅತ್ತೆ. ಹಾಕಿದ್ದಕ್ಕೆ ಪಶ್ಚಾತ್ತಾಪವಾಗಿರಲಿಲ್ಲ. ಇನ್ನು ಒಂದೆರಡು ನಿಮಿಷ ಆ ಆನೆಗೆ ತಾಳ್ಮೆ ಇದ್ದಿದ್ದರೆ ಎನ್ನುವ ಹೊಟ್ಟೆಯುರಿ. ತಾಳ್ಮೆಯ ಮಾತು ನಾನು ಆಡಬಾರದು, ಆದರೂ.

ಮುಖ್ಯಸ್ಥರು ಫೋನಿನಲ್ಲಿ ಎಲ್ಲ ಕೇಳಿಸಿಕೊಂಡರು. "ಬೇಸಿಗೆಯ ಗೆರೆ ನಮ್ಮ ಹತ್ತಿರ ಇದೆ. ಅದರ ಆಕಾರ ನೋಡಿ ಉಳಿದದ್ದನ್ನು ಚುಕ್ಕೆ ಗೆರೆಯಲ್ಲಿ ತುಂಬಿಸಬಹುದು" ಎಂದರು. ಕೇಳುವ ದನಿಯಲ್ಲೇ ಹೇಳಿದರು.

"ಬೇಸಿಗೆಗೂ ಚಳಿಗಾಲಕ್ಕೂ ಏನು ವ್ಯತ್ಯಾಸ ಅಂತ ತಾನೇ ಸರ್ ನಾವು ಹುಡುಕ್ತಾ ಇದ್ದದ್ದು?"

ಅವರು ನಕ್ಕರು. ನಗುವಿನಲ್ಲಿ ಸುಸ್ತು ಇತ್ತು. "ಹಾಗಾದ್ರೆ ಅರ್ಧಕ್ಕೇ ನಿಲ್ಲಿಸೋಣ" ಎಂದರು. ವರದಿಯಲ್ಲಿ ಚಳಿಗಾಲದ ಮುಸ್ಸಂಜೆ ಇಂದಿಗೂ ಅರ್ಧಕ್ಕೇ ನಿಂತಿದೆ.

ನಾವು ಆಂಟೆನಾ ಇಳಿಸಿ ಪೆಟ್ಟಿಗೆಗಳಿಗೆ ಹುಲ್ಲು ತುಂಬುತ್ತಿದ್ದಾಗ ರಾಗಿ ಕೊಯ್ಲು ನಡೆದಿತ್ತು. ಸಾಲಿನ ಎಲ್ಲ ಹೊಲಗಳಲ್ಲೂ ಜನ. ಅಣ್ಣ ತಂತ್ರಜ್ಞರ ಜೊತೆ ಸೇರಿ ಬ್ಯಾಟರಿಗಳನ್ನು ಎತ್ತಿ ಇಟ್ಟರು. ಅಕ್ಕ ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದರು. ಸೆರಗಿನ ತುಂಬ ರಾಗಿಯ ತರಗು.

"ಬರೋ ವರ್ಸ ಇದೇ ವೊತ್ಗೆ ಬತ್ತದಾ ನಿನ್ ಉಪಗ್ರಹ?"

"ಬತ್ತದೆ ಅಕ್ಕ. ಇದೇ ತಿಂಗಳು, ಇದೇ ಹೊತ್ತಿಗೆ."

"ಅಂಗಾರೆ ಬಿತ್ನೆ ಒಂದೀಟು ಮುಂಚೇನೆ ಮಾಡ್ಕತೀವಿ ಬುಡು. ಇವ್ರಿಗೂ ಯೋಳಿವ್ನಿ. ಅದು ಬರೋ ವೊತ್ಗೆ ರಾಗಿ ಕಣಕ್ಕೆ ಬಂದ್ಬುಟ್ರೆ ಬೇಲಿ ಆಕೋ ಅಂಗೇ ಇಲ್ಲ. ನೀನು ನಿನ್ ಪೆಟ್ಗೆ ತಾವೇ ಕುಂತ್ಕಬೌದು."

ಹೇಳುವುದೋ ಬೇಡವೋ ಎಂದು ನಾನು ಹಗ್ಗದ ಗಂಟನ್ನು ಬಿಗಿ ಮಾಡುತ್ತ ನಿಂತೆ. ಬಿಗಿಯಾಗಿದ್ದ ಗಂಟನ್ನೇ ಮತ್ತೆ ಬಿಗಿ ಮಾಡಿದೆ.

"ಅದು ಬತ್ತದೆ ಅಕ್ಕ. ನಾವು ಬರಲ್ಲ. ಕೆಲಸ ಇಲ್ಲಿಗೆ ಮುಗೀತು."

ಅಕ್ಕ ಮೂಗುತಿ ಮುಟ್ಟಿಕೊಂಡರು. ಖಾಲಿಯಾದ ಹೆಂಚಿನ ಮೇಲೆ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಅಯ್ಯೋ, ಅದೊಂದೇ ಬಂದು ಏನ್ಮಾಡ್ತದವ್ವ?"